ಮಿಶ್ರಿ ಹುರಿಯದ ಹಂಚು

ಹೌಸಾಬಾಯಿಯ ಹಲ್ಲಿನ ಮೊದಲ ಇಂಪ್ಲಾಂಟ್ ಹಾಳಾದದ್ದು ಮಿಶ್ರಿಯಿಂದ. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ, ಬೆಳಿಗ್ಗೆ ಬೆರಳಿನಿಂದ ಒಸಡಿಗೆ ತಿಕ್ಕುವುದು ಕೊಲ್ಹಾಪುರದ ಆ ಓಣಿಯ ಹೆಂಗಸರಿಗೆ ಹಲ್ಲುಜ್ಜುವ ಲೆಕ್ಕವೇ ಹೊರತು ಚಟವಲ್ಲ. ಹಾಗಾಗಿ ಹಲ್ಲಿನ ಡಾಕ್ಟರ್ ಕದಮ್ "ತಂಬಾಕು ಹಾಕ್ತೀರೇನ ಆಜಿ?" ಎಂದು ಕೇಳಿದಾಗ ಅವಳು ಗಲ್ಲ ಬಡಿದುಕೊಂಡು, "ಶಿವಶಿವಾ, ಅದು ಗಂಡಸರ ಹೊಲಸು" ಎಂದಿದ್ದಳು. ಸುಳ್ಳು ಹೇಳಿದೆನೆಂದು ಅವಳಿಗೆ ಅನ್ನಿಸಿರಲೇ ಇಲ್ಲ. ಮನೆಗೆ ಬಂದು, ಹೊಲಿಗೆ ಹಾಕಿದ ಜಾಗ ನೋಯುತ್ತದೆಂದು ಅಲ್ಲಿಗೇ ಇನ್ನಷ್ಟು ತಿಕ್ಕಿದಳು. ಹೊಸ ಹಲ್ಲಿಗೆ ಬೇರಾಗಲೆಂದು ದವಡೆಗೆ ಕೂರಿಸಿದ ತಿರುಪು ಎಲುಬು ಹಿಡಿಯದೆ ಸಡಿಲಾಯಿತು.

ಈಗ ಎರಡನೆಯದು. ಮಿಶ್ರಿಯೂ ತಂಬಾಕೇ ಎಂದು ಈ ಸಲ ಡಾಕ್ಟರು ಬಿಡಿಸಿ ಹೇಳಿದ್ದರು. "ಇನ್ನೊಮ್ಮೆ ಕೂರಸೂವಷ್ಟು ಎಲುಬು ನಿಮ್ಮ ದವಡ್ಯಾಗ ಇಲ್ಲ ಆಜಿ. ಇದು ಹೋದ್ರ ಮುಗೀತು" ಎಂದಿದ್ದರು ಡಾಕ್ಟರು. ಹೌಸಾಬಾಯಿಯ ಆಸೆ ದೊಡ್ಡದೇನಲ್ಲ. ಜೋಳದ ಭಾಕರಿಯನ್ನು ಸಾರಿನಲ್ಲಿ ನೆನೆಸಿ ನುಂಗದೆ, ಕಡಕ್ಕಾಗಿಯೇ ಮೆಣಸಿನಕಾಯಿ ಕುಟ್ಟಿದ ಠೇಚಾದ ಜೊತೆ ಅಗಿದು ತಿನ್ನಬೇಕು. ಕೂಸಿನ ಹಾಗೆ ಗಂಜಿ ಕುಡಿಯುವ ಬಾಳು ಅವಳಿಗೆ ಸಾಕುಬೇಕಾಗಿತ್ತು.

ಕಷ್ಟವೆಂದರೆ, ಇಡೀ ಓಣಿಗೆ ಮಿಶ್ರಿ ಹುರಿದುಕೊಡುತ್ತಿದ್ದವಳೇ ಅವಳು. ಆ ಹದ ಇನ್ನೊಬ್ಬರ ಕೈಗೆ ಬರುತ್ತಿರಲಿಲ್ಲ. ಆಪರೇಶನ್ ಆದ ಮರುದಿನ ಪಕ್ಕದ ಮನೆಯ ಅಕ್ಕಾತಾಯಿ ಡಬ್ಬಿ ಹಿಡಿದು ಕಟ್ಟೆಗೆ ಬಂದಳು.

"ಏನಬೇ ಹೌಸಾ, ಮೌನಗೌರಿ ಆಗಿ ಕುಂತಿ!"

ಹೌಸಾಬಾಯಿಯ ಬಾಯಲ್ಲಿ ಉಪ್ಪುನೀರಿತ್ತು. ಜೋರಾಗಿ ಉಗುಳಿದರೆ ಗಾಯ ಬಿಚ್ಚುತ್ತದೆ ಎಂದಿದ್ದರು. ಅವಳು ತಲೆ ಬಗ್ಗಿಸಿ ನೀರು ತಾನಾಗಿ ಸುರಿದುಹೋಗಲು ಬಿಟ್ಟಳು.

"ಗಲ್ಲ ಬಾತೈತಿ. ಭಾಳ ನೋಯ್ತೈತೇನ?" ಅಕ್ಕಾತಾಯಿ ಡಬ್ಬಿ ತೆರೆದಳು. "ಒಂದ ಚಿಟಿಕಿ ತಿಕ್ಕು. ನೀನ ಕಡೀಕ ಹುರಿದ ಪುಡಿ."

ಆ ವಾಸನೆ ಮೂಗಿಗೆ ಬಡಿದದ್ದೇ ಬಾಯಲ್ಲಿ ನೀರೂರಿತು. ಜೀವವೆಲ್ಲ ಒಂದು ಚಿಟಿಕೆಗಾಗಿ ಬಾಯಿ ಬಿಡುತ್ತಿತ್ತು. ಬೆರಳು ತನ್ನಷ್ಟಕ್ಕೇ ಎದ್ದಿತು. ಹೌಸಾಬಾಯಿ ಆ ಬೆರಳಿಗೆ ಸೆರಗು ಸುತ್ತಿ ಗಂಟು ಹಾಕಿದಳು.

"ಮುಚ್ಚು ಡಬ್ಬಿ. ಇದ ನನ್ನ ಹಲ್ಲು ತಿಂದದ್ದು."

"ಅಯ್ಯ! ಹಲ್ಲು ತಿಕ್ಕೂದು ಹಲ್ಲು ತಿಂತೈತೇನ? ಆ ಡಾಕ್ಟರ ನಿನ್ನ ತಲಿ ಕೆಡಿಸ್ಯಾನ. ಮತ್ತ ನಮಗ ಹುರಿಯೋರು ಯಾರು?"

"ನಾ ಅಂತೂ ಅಲ್ಲ. ನನ್ನ ಒಲಿ ಮ್ಯಾಲ ಅದರ ಹೊಗಿ ಏಳೂದಿಲ್ಲ."

"ನೀ ಹಿಡಿದ ಮೊಲಕ್ಕ ಮೂರ ಕಾಲು" ಎಂದು ಮುಖ ಗಂಟಿಕ್ಕಿಕೊಂಡು ಅಕ್ಕಾತಾಯಿ ಎದ್ದು ಹೋದಳು. ಓಣಿಯೇ ಮಾತು ಬಿಟ್ಟಿತು. ಅದು ಹಲ್ಲುನೋವಿಗಿಂತ ಹೆಚ್ಚು ಚುಚ್ಚಿತು. ಆದರೂ ಹೌಸಾಬಾಯಿ ಮೆತ್ತನೆಯ ಬ್ರಶ್ಶಿನಿಂದ ಉಳಿದ ಹಲ್ಲುಜ್ಜಿದಳು, ಆರಿದ ಅಂಬಲಿಯನ್ನು ಇನ್ನೊಂದು ಮಗ್ಗುಲಲ್ಲಿ ನುಂಗಿದಳು, ಆಸೆ ಕೆರಳಿದಾಗಲೆಲ್ಲ ಹಂಚಿಗೆ ಬೂದಿ ಹಾಕಿ ತಿಕ್ಕಿದಳು. ಹಂಚು ಸವೆಯಿತೇ ಹೊರತು ಅವಳ ಹಠ ಸವೆಯಲಿಲ್ಲ.

ತಿಂಗಳುಗಳು ಕಳೆದ ಮೇಲೆ ಡಾಕ್ಟರು ತಿರುಪನ್ನು ತಟ್ಟಿ ನೋಡಿದರು. ಅಲುಗಲಿಲ್ಲ. ಅದರ ಮೇಲೆ ಹಲ್ಲು ಕೂತಿತು.

ಹೌಸಾಬಾಯಿ ಅದೇ ಹಂಚಿನಲ್ಲಿ ಭಾಕರಿ ಸುಟ್ಟು, ಓಣಿಗೆಲ್ಲ ಕಾಣುವಂತೆ ಕಟ್ಟೆಯ ಮೇಲೆ ಕೂತು ಕಟಕಟ ಕಡಿದಳು. ಸದ್ದಿಗೆ ಅಕ್ಕಾತಾಯಿ ಹೊರಬಂದಳು. ಒಂದು ಕೈ ಗಲ್ಲವನ್ನು ಒತ್ತಿ ಹಿಡಿದಿತ್ತು.

"ಹೌಸಾ, ನನ್ನೂ ಆ ಡಾಕ್ಟರ ಕಡೆ ಕರಕೊಂಡ ಹೋಗ್ತಿಯೇನ?"

ಹೌಸಾಬಾಯಿ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ಮುಗಿಸಿದಳು. ಆಮೇಲೆ ಕೈ ಚಾಚಿದಳು.

"ಮೊದಲ ಆ ಡಬ್ಬಿ ತಾ ಇಲ್ಲಿ."