ಗಾಳಿ ಹೋಗುವ ದಾರಿ

"ನೋಡಿದ್ಯಾ? ಬರೀ ಮಸಿ! ಇದು ನಿನ್ನ ತಮ್ಮನ ಕೈಗುಣ!"

ಮೇಷ್ಟ್ರು ಬೈಕಿನ ಎಂಜಿನ್ನಿನಿಂದ ಬಿಚ್ಚಿದ ಪ್ಲಗ್ಗನ್ನು ಅಡುಗೆಮನೆಯ ಕಿಟಕಿಯ ಕಡೆಗೆ ಎತ್ತಿ ಹಿಡಿದರು. ಅದರ ತುದಿ ಕಾಡಿಗೆ ಮೆತ್ತಿದ ಹಾಗೆ ಕರ್ರಗಿತ್ತು. ಒಳಗಿನಿಂದ ಪಾತ್ರೆಯ ಸದ್ದು ಬಂತೇ ಹೊರತು ಮಾತು ಬರಲಿಲ್ಲ. ಒಂಬತ್ತು ದಿನದಿಂದ ಹೆಂಡತಿಯ ಬಾಯಲ್ಲಿ "ಊಟಕ್ಕೆ ಹಾಕಿದೀನಿ", "ಬಾಗಿಲು ಹಾಕ್ಕೊಳ್ಳಿ" ಇಷ್ಟೇ.

ಅವಳ ಸಿಟ್ಟಿಗೆ ಕಾರಣವಿತ್ತು. ಅವಳ ತಮ್ಮ ಮೆಕ್ಯಾನಿಕ್ಕು. ಎಂಜಿನ್ ಬಿಚ್ಚಿ, ರಿಂಗ್ ಬದಲಿಸಿ, ಬೈಕನ್ನು ಮನೆತನಕ ತಂದು ಬಿಟ್ಟು ಹೋಗಿದ್ದ. ಅದಾಗಿ ಮೂರು ವಾರಕ್ಕೆ ಬೈಕು ಕೆಮ್ಮತೊಡಗಿತು. ನಿಂತಲ್ಲೇನೋ ಗುಡುಗುಡು ಅನ್ನುತ್ತಿತ್ತು, ಆಕ್ಸಿಲರೇಟರ್ ತಿರುಗಿಸಿದರೆ ಸಾಕು, ಕಪ್ಪು ಹೊಗೆ ಕಾರಿ ಉಸಿರು ಕಟ್ಟಿದ ಹಾಗೆ ಆಡುತ್ತಿತ್ತು. ಮೇಷ್ಟ್ರು ನೆಟ್ಟಗೆ ಗ್ಯಾರೇಜಿಗೆ ಹೋಗಿ, ಗಿರಾಕಿಗಳ ಎದುರಿಗೇ, "ಕೆಲಸ ಬರದಿದ್ರೆ ಬೋರ್ಡು ಯಾಕೆ ಹಾಕ್ಕೊಂಡಿದೀಯ?" ಎಂದು ಕೂಗಿದ್ದರು. "ಒಂದ್ಸಲ ಬಿಟ್ಟೋಗಿ ಭಾವ, ನೋಡ್ತೀನಿ" ಅಂದವನಿಗೆ "ನಿನ್ನ ಕೈಗೆ ಇನ್ನೊಂದ್ಸಲ ಕೊಡೋಕೆ ನನಗೇನು ತಲೆ ಕೆಟ್ಟಿದ್ಯಾ?" ಅಂದಿದ್ದರು. ಒಬ್ಬ ಗಿರಾಕಿ ಅಲ್ಲೇ ತನ್ನ ಸ್ಕೂಟರನ್ನು ತಳ್ಳಿಕೊಂಡು ಹೊರಟುಹೋದ. ಬಾಮೈದ ಅವತ್ತಿನಿಂದ ಅಕ್ಕನ ಮನೆಯ ಕಡೆ ತಲೆ ಹಾಕಿರಲಿಲ್ಲ.

ತಾವೇ ಬಿಚ್ಚಿ, ಸಾಕ್ಷಿ ಸಮೇತ ತೋರಿಸಿಬಿಡುವುದೆಂದು ಈ ಭಾನುವಾರ ಬೆಳಿಗ್ಗೆ ಮೇಷ್ಟ್ರು ಅಂಗಳದಲ್ಲಿ ಹಳೇ ಪೇಪರು ಹರಡಿಕೊಂಡು ಕೂತಿದ್ದರು. ವಿಜ್ಞಾನ ಹೇಳಿಕೊಡುವವರು. ಎಂಜಿನ್ನಿಗೆ ಬೇಕಾದದ್ದು ಮೂರೇ: ಕಿಡಿ, ಪೆಟ್ರೋಲು, ಗಾಳಿ. ಪ್ಲಗ್ಗನ್ನು ಒರೆಸಿ ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆದರು, ನೀಲಿ ಕಿಡಿ ಚಟ್ಟನೆ ಹಾರಿತು. ಕಾರ್ಬೊರೇಟರ್ ಬಿಚ್ಚಿದರು, ಒಂದು ಚೂರು ಕಸವಿರಲಿಲ್ಲ. ಬಾಮೈದ ಎಷ್ಟು ನೀಟಾಗಿ ತೊಳೆದಿದ್ದನೆಂದರೆ ಮೇಷ್ಟ್ರಿಗೆ ಬೇಜಾರೇ ಆಯಿತು. ಉಳಿದದ್ದು ಗಾಳಿ. ಗಾಳಿ ಸೋಸುವ ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆಯುವವರು ಸ್ವತಃ ತಾವೇ. ತಾವು ಮಾಡಿದ ಕೆಲಸವನ್ನು ತಾವೇ ಮತ್ತೆ ನೋಡುವುದೇನಿದೆ? ಆದರೂ ಬಿಚ್ಚುವುದಕ್ಕೆ ಬೇರೇನೂ ಉಳಿಯದೆ ಅದರ ಮುಚ್ಚಳ ತೆಗೆದರು.

ಫಿಲ್ಟರಿನ ಹಿಂದೆ, ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ ಬಾಯಲ್ಲಿ, ಹಳದಿ ಹೂವಿನ ಬಟ್ಟೆಯೊಂದು ಮುದುರಿ ಕೂತಿತ್ತು.

ಹೆಂಡತಿಯ ಹಳೇ ನೈಟಿಯ ತುಂಡು. ಫಿಲ್ಟರ್ ತೊಳೆದು ಒಣಗಿಸುವಾಗ ಒಳಗೆ ಧೂಳು ಹೋಗದಿರಲಿ ಎಂದು ಅದನ್ನು ತುರುಕಿಡುವುದು ಮೇಷ್ಟ್ರ ಶಿಸ್ತು. ಯಾವ ಮೆಕ್ಯಾನಿಕ್ಕೂ ಇಷ್ಟು ಜಾಗ್ರತೆ ಮಾಡೋದಿಲ್ಲ ಎಂದು ಬಾಮೈದನ ಎದುರಿಗೇ ಕೊಚ್ಚಿಕೊಂಡಿದ್ದರು. ಈ ಸಲ ತುರುಕಿದವರು ತೆಗೆಯುವುದನ್ನು ಮರೆತಿದ್ದರು. ಬೈಕು ಕೆಮ್ಮಿದ್ದು ಫಿಲ್ಟರ್ ತೊಳೆದ ಮಾರನೆಯ ದಿನವೇ ಎಂಬುದು ಈಗ ನೆನಪಾಯಿತು. ಕಿವಿಯೆರಡೂ ಕಾದವು. ಕಿಟಕಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಬಟ್ಟೆಯನ್ನು ಪ್ಯಾಂಟಿನ ಜೇಬಿಗೆ ಸೇರಿಸಿದರು. ಛೇ, ಕಳ್ಳನ ಹಾಗೆ!

ಎಲ್ಲ ಜೋಡಿಸಿ ಕಿಕ್ ಹೊಡೆದರೆ ಬೈಕು ಒಂದೇ ಏಟಿಗೆ ಎದ್ದಿತು. ಎಷ್ಟು ತಿರುಗಿಸಿದರೂ ಕೆಮ್ಮಿಲ್ಲ, ಹೊಗೆಯಿಲ್ಲ. ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು.

"ಸರಿಹೋಯ್ತಾ? ಏನಾಗಿತ್ರೀ?"

"ಹ್ಞೂಂ... ಒಳಗೆ ಏನೋ ಕಸ ಇತ್ತು."

"ಹಂಗಾದ್ರೆ ಅವನದೇ ತಪ್ಪು! ಅಯ್ಯೋ, ಸುಮ್ಮಸುಮ್ಮನೆ ನಿಮ್ಮ ಮೇಲೆ ಮುಖ ಊದಿಸ್ಕೊಂಡಿದ್ನಲ್ಲ." ಅಲ್ಲೇ ನಿಂತು ತಮ್ಮನಿಗೆ ಫೋನ್ ಹಚ್ಚಿದಳು, ಗಂಡನಿಗೂ ಕೇಳಲಿ ಎಂದು ದನಿ ಜೋರು ಮಾಡಿದಳು. "ಏನೋ ನೀನು, ಎಂಜಿನ್ನೊಳಗೆ ಕಸ ಬಿಟ್ಟಿದ್ಯಂತೆ?"

ಆ ಕಡೆ ಸ್ಪ್ಯಾನರನ್ನು ಕೆಳಗಿಟ್ಟ ಸದ್ದಾಯಿತು. ಆಮೇಲೆ ಬಾಮೈದನ ದನಿ ಬಂತು. "ಇದ್ರೂ ಇರಬಹುದು ಅಕ್ಕಾ. ಅವತ್ತು ಕೆಲಸ ಜಾಸ್ತಿ ಇತ್ತು. ತಪ್ಪಾಯ್ತು ಅಂತ ಭಾವನಿಗೆ ಹೇಳು."

ಹೆಂಡತಿ ಒಂಬತ್ತು ದಿನದ ಮೇಲೆ ನಕ್ಕಳು. "ಕೇಳಿಸ್ತಾ? ಬನ್ನಿ, ಟೀ ಇಡ್ತೀನಿ."

ಆ ನಗುವಿಗೆ ಮುಖ ಕೊಡಲು ಮೇಷ್ಟ್ರ ಕೈಲಾಗಲಿಲ್ಲ. ಇದಕ್ಕಿಂತ ಅವಳು ಇನ್ನೂ ಒಂದು ತಿಂಗಳು ಮಾತು ಬಿಟ್ಟಿದ್ದರೇ ಚೆನ್ನಾಗಿತ್ತು. "ಅವನದಲ್ಲ ಕಣೇ" ಎಂದು ಬಟ್ಟೆಯನ್ನು ತೆಗೆದು ಅವಳ ಕೈಗಿಟ್ಟರು.

ಗುರುತು ಹಿಡಿಯಲು ಅವಳಿಗೆ ಹೊತ್ತು ಬೇಕಾಗಲಿಲ್ಲ. "ಥೂ ನಿಮ್ಮ!" ಅಂದಳು. "ಮೇಷ್ಟ್ರಂತೆ ಮೇಷ್ಟ್ರು! ನನಗೇನ್ ಹೇಳ್ತೀರಿ? ಎಲ್ಲಿ ನಿಂತು ಬೈದ್ರೋ ಅಲ್ಲೇ ಹೋಗಿ ಹೇಳಿ."

ಗ್ಯಾರೇಜಿನಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಬಾಮೈದ ಯಾರದೋ ಬೈಕನ್ನು ಚಾಲೂ ಮಾಡಿ ಅದರ ಸದ್ದಿಗೆ ಕಿವಿ ಕೊಟ್ಟು ನಿಂತಿದ್ದ. ಭಾವನನ್ನು ಕಂಡವನೇ ಸ್ಟೂಲನ್ನು ಒರೆಸಿ ಮುಂದಿಟ್ಟ. "ಬನ್ನಿ ಭಾವ, ಕೂತ್ಕೊಳ್ಳಿ."

"ಕೂರಲ್ಲ. ಅದು ಕಸ ಅಲ್ಲ ಕಣೋ. ನಾನೇ ತುರುಕಿ ಮರೆತಿದ್ದ ಬಟ್ಟೆ. ಅವತ್ತು ಇಲ್ಲಿ ನಿಂತು ನಾನು..."

ಗಿರಾಕಿಗಳು ತಲೆ ಎತ್ತಿದರು.

"ಮೆಲ್ಲಗೆ ಭಾವ, ಜನ ಇದಾರೆ" ಅಂದ ಬಾಮೈದ. ಅಂದು, ಕೈ ಚಾಚಿ ಆಕ್ಸಿಲರೇಟರನ್ನು ಪೂರಾ ತಿರುಗಿಸಿ ಹಿಡಿದ. ಎಂಜಿನ್ ಅಬ್ಬರಿಸಿತು. ಮೇಷ್ಟ್ರ ಬಾಯಿ ಆಡುತ್ತಿತ್ತು, ಒಂದು ಮಾತೂ ಯಾರಿಗೂ ಕೇಳಲಿಲ್ಲ. ಗಿರಾಕಿಗಳು ಮತ್ತೆ ತಮ್ಮ ತಮ್ಮ ಮೊಬೈಲಿಗೆ ಬಗ್ಗಿದರು. ಬಾಮೈದ, ಆಯ್ತಲ್ಲ ಬಿಡಿ, ಎಂಬಂತೆ ತಲೆಯಾಡಿಸಿದ.

ಹಾಗೇ ಹೊರಟುಬಿಡಬಹುದಿತ್ತು. ಮೇಷ್ಟ್ರು ಬಗ್ಗಿ ಬೈಕಿನ ಕೀಲಿಯನ್ನು ತಿರುಗಿಸಿದರು. ಎಂಜಿನ್ ನಿಂತಿತು. ನಾಲ್ಕೂ ಜನ ತಮ್ಮನ್ನೇ ನೋಡುವವರೆಗೆ ಕಾದು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಶುರು ಮಾಡಿದರು.