ಪರದೆಯ ಮೇಲಿನ ಟಿಕಳಿ

ಹೊಸ ಕಾರಿನಲ್ಲಿ ಒಂದು ಗುಂಡಿಯೂ ಇರಲಿಲ್ಲ. ಎಸಿ, ಹಾಡು, ಗಾಜಿನ ಮಂಜು ತೆಗೆಯುವ ಗಾಳಿ, ಎಲ್ಲವೂ ನಡುವಿನ ಪರದೆಯೊಳಗೆ. ಮುಟ್ಟಿದರೆ ಕೈಗೆ ಏನೂ ತಿಳಿಯದ ನುಣುಪು. ಡ್ರೈವರ್ ಗುರುಬಸವ ಪರದೆ ನೋಡಿದರೆ, ಸ್ಟಿಯರಿಂಗ್ ಮೇಲಿನ ಕ್ಯಾಮೆರಾ ಅವನನ್ನು ನೋಡುತ್ತಿತ್ತು. ಎರಡು ಸೆಕೆಂಡು ಕಣ್ಣು ರಸ್ತೆ ಬಿಟ್ಟರೆ 'ಟುಂಯ್'. ಮಲಾಡಿನ ತಮ್ಮ ಹೋಟೆಲಿನಲ್ಲಿ ಕೂತ ಮಾಲೀಕ ಶೆಟ್ಟರ ಫೋನಿನಲ್ಲೂ ಅದೇ ಟುಂಯ್. ವಾರಕ್ಕೆ ಮೂರಾದರೆ ಕೀಲಿ ಕೊಟ್ಟು ಹೋಗು ಅಂದಿದ್ದರು. ಬುಧವಾರಕ್ಕೇ ಎರಡಾಗಿದ್ದವು.

ಉಪಾಯ ಹೆಂಡತಿ ಸುಂದ್ರವ್ವನದು. ಅವಳ ಹಣೆಯ ಹರಳಿನ ಟಿಕಳಿಯನ್ನು ಪರದೆಯಲ್ಲಿ ಮಂಜಿನ ಗಾಳಿಯ ಗುರುತಿನ ಪಕ್ಕಕ್ಕೇ ಅಂಟಿಸಿಕೊಂಡ. ಕಣ್ಣು ರಸ್ತೆಯಲ್ಲಿ, ಬೆರಳು ಹರಳಿನಲ್ಲಿ.

ಗುರುವಾರ ಮಳೆ. ಹಿಂದಿನ ಸೀಟಿನಲ್ಲಿ ಶೆಟ್ಟರ ಮಗಳು ಯಕ್ಷಿತಾ, ಪವಾಯಿಯ ಆಫೀಸಿಗೆ. ಫ್ಲೈಓವರ್ ಇಳಿಯುತ್ತಲೇ ಗಾಜು ಬೆಳ್ಳಗಾಗತೊಡಗಿತು. ಗುರುಬಸವ ಟಿಕಳಿ ತಡವಿ ಪಕ್ಕದಲ್ಲಿ ಒತ್ತಿದ. ಹಾಡು ಜೋರಾಯಿತು.

"ಅಣ್ಣಾ, ವಾಲ್ಯೂಮ್ ಯಾಕೆ?"

"ನಾ ಹಾಡ ಹಚ್ಚಿಲ್ರೀ ಅಕ್ಕಾರ. ಗಾಜಿಂದು ಒತ್ತೀನಿ."

"ಅರೇ, ನಾನು ಮೊಬೈಲಿಂದ ಮ್ಯಾಪ್ ಹಾಕಿದೆ. ಬಟನ್ ಎಲ್ಲ ಆ ಸೈಡ್ ಹೋಗಿರ್ಬೇಕು ಶಾಯದ್."

ಟಿಕಳಿ ಇದ್ದಲ್ಲೇ ಇತ್ತು. ಪಕ್ಕದ ಗುರುತು ಜಾರಿಹೋಗಿತ್ತು. ಬದಿಗೆ ನಿಲ್ಲಿಸೋಣವೆಂದರೆ ಎಡಕ್ಕೆ ಮೆಟ್ರೋ ಕಾಮಗಾರಿಯ ತಗಡು, ಬಲಕ್ಕೆ ಬಸ್ಸು. ರಸ್ತೆ ಕಾಣಬೇಕಾದರೆ ರಸ್ತೆಯಿಂದ ಕಣ್ಣು ತೆಗೆಯಬೇಕು. ಅವನು ತೆಗೆಯಲಿಲ್ಲ. ಎದುರಿನ ಬಿಳುಪನ್ನೇ ದಿಟ್ಟಿಸುತ್ತ, ಅಂಗೈಯಿಂದ ಒರೆಸುತ್ತ ಮುಂದೆ ಹೋದ. ಒರೆಸಿದ ಸಣ್ಣ ಕಿಂಡಿಯಲ್ಲಿ ಒಮ್ಮೆಲೇ ಕೆಂಪು ದೀಪ, ಟ್ಯಾಂಕರಿನ ಬೆನ್ನು.

ಬ್ರೇಕು. ಯಕ್ಷಿತಾಳ ಹಣೆ ಮುಂದಿನ ಸೀಟಿಗೆ ಬಡಿಯಿತು. ಟ್ಯಾಂಕರಿಗೂ ಕಾರಿಗೂ ನಡುವೆ ಒಂದು ಗೇಣು ಉಳಿದಿತ್ತು.

ಟುಂಯ್ ಆಗಲಿಲ್ಲ. ಕ್ಯಾಮೆರಾದ ಪಾಲಿಗೆ ಅವನು ಕಣ್ಣು ಕದಲಿಸದ ಡ್ರೈವರ್.

"ಪಾಗಲ್ ಆದ್ರಾ ಅಣ್ಣಾ? ನೋಡಿ ಒತ್ತಬೇಕಲ್ಲ!"

"ನೋಡಿದ್ರ ನಿಮ್ಮಪ್ಪಾರು ಮನಿಗಿ ಕಳಸ್ತಾರ್ರೀ."

ಅವಳು ಹಣೆ ಉಜ್ಜಿಕೊಂಡಳು.

ಟ್ಯಾಂಕರು ಸರಿಯಿತು. ಹಿಂದೆ ಹಾರ್ನುಗಳು ಶುರುವಾದವು. ಗುರುಬಸವ ಬ್ರೇಕಿನಿಂದ ಕಾಲು ತೆಗೆಯದೆ, ತಲೆ ತಿರುಗಿಸಿ ಪರದೆಯನ್ನು ನೋಡಿದ. ಕಾರು ನಿಂತಿದೆಯೋ ಓಡುತ್ತಿದೆಯೋ ಕ್ಯಾಮೆರಾ ಕೇಳುವುದಿಲ್ಲ. ಟುಂಯ್.

ಗುರುತು ಸಿಕ್ಕಿತು. ಬೆರಳು ಅಲ್ಲಿಗೆ ಮುಟ್ಟುವಷ್ಟರಲ್ಲಿ ಪರದೆಯ ತುಂಬ ಶೆಟ್ಟರ ಹೆಸರು ಹರಡಿಕೊಂಡಿತು. ಫೋನು. ಎತ್ತಲು ಹಸಿರು, ಕಡಿಯಲು ಕೆಂಪು. ಗಾಜಿನ ಗಾಳಿ ಅವೆರಡರ ಅಡಿಯಲ್ಲೆಲ್ಲೋ.

"ಎತ್ತಿ ಅಣ್ಣಾ. ಪಪ್ಪಾ."

"ಮೊದಲ ಗಾಜ್ರೀ," ಅಂದು ಅವನು ಕೆಂಪನ್ನು ಒತ್ತಿದ.