ತೋರಿಸಬೇಡಿ ಎಂದಿದ್ದ ಅಧ್ಯಾಯ

ಹ್ಯಾಲಿಫ್ಯಾಕ್ಸ್ ಎಂಬ ಬಂದರು ನಗರದ ಗಾರ್ನೆಟ್ ಡೌಸೆಟ್ ವಿಡಿಯೋ ಗೇಮ್ ಆಡುತ್ತಾ ಬಾಯಿತುಂಬ ಹರಟುವುದನ್ನು ನೋಡಲೆಂದೇ ಸಾವಿರಾರು ಜನ ಅವನ ಚಾನೆಲ್ಲಿಗೆ ಬರುತ್ತಿದ್ದರು. ಆ ಚಳಿಗಾಲ ಅವನು ಆಡಿದ್ದು ಮುಳುಗಿಹೋದ ಮೀನುಗಾರರ ದೋಣಿಯೊಂದರ ಕಥೆ. ನ್ಯೂಫೌಂಡ್‌ಲೆಂಡಿನ ರೋವೀನಾ ಪೆನ್ನಿ ಎಂಬಾಕೆ ಒಬ್ಬಳೇ ಕೂತು ವರ್ಷಗಟ್ಟಲೆ ಕಟ್ಟಿದ ಪುಟ್ಟ ಗೇಮ್ ಅದು. ಗೇಮಿನ ಶುರುವಿನಲ್ಲೇ ಆಕೆ ಬರೆದು ಕೇಳಿಕೊಂಡಿದ್ದಳು: ಆಡಿದ್ದನ್ನು ಧಾರಾಳವಾಗಿ ಹಂಚಿಕೊಳ್ಳಿ, ಕೊನೆಯ ಅಧ್ಯಾಯವೊಂದನ್ನು ಮಾತ್ರ ತೋರಿಸಬೇಡಿ. ಗಾರ್ನೆಟ್ ಅದನ್ನು ಓದಿದ್ದ. ಓದಿಯೂ ತೋರಿಸಿಬಿಟ್ಟ.

ರೋವೀನಾಳಿಂದ ಕೃತಿಸ್ವಾಮ್ಯದ ದೂರು ಬಂದು ವಿಡಿಯೋ ಮಾಯವಾಯಿತು. ಗಾರ್ನೆಟ್‌ಗೆ ಮೈಯೆಲ್ಲ ಉರಿಯಿತು.

"ಪುಕ್ಕಟೆ ಪ್ರಚಾರ ಕೊಟ್ರೆ ಈ ಯಮ್ಮ ನಂಗೇ ಕಾನೂನು ತೋರಿಸ್ತಾಳೆ!" ಎಂದು ಕ್ಯಾಮೆರಾ ಮುಂದೆ ಕೂಗಾಡಿದ. ಅವನ ಅಭಿಮಾನಿಗಳು ಗೇಮಿನ ಪುಟಕ್ಕೆ ಮುತ್ತಿಗೆ ಹಾಕಿ, ಆಡಿಯೂ ನೋಡದೆ ಕಳಪೆಯೆಂದು ಬರೆದು, ಆಕೆಯನ್ನು ಬಾಯಿಗೆ ಬಂದಂತೆ ಬೈದರು. ಅವನು ಓದಿ ನಕ್ಕ. ತನ್ನದು ಕಾನೂನು ಒಪ್ಪುವ ನ್ಯಾಯಯುತ ಬಳಕೆ, ವಿಡಿಯೋ ಮರಳಿಸಿ ಎಂದು ಮರುದೂರನ್ನೂ ಹಾಕಿದ.

ವಸಂತದಲ್ಲಿ ಬಂದರಿನ ಹತ್ತಿರ ಗೇಮ್ ಮೇಳ ನಡೆಯಿತು. ಡೊನೇರ್ ಎಂಬ ಮಾಂಸದ ರೊಟ್ಟಿಸುರುಳಿ ತಿನ್ನುತ್ತಾ ಅಡ್ಡಾಡುತ್ತಿದ್ದವನಿಗೆ ಮೂಲೆಯ ಮೇಜಿನ ಮೇಲೆ ಆ ದೋಣಿಯ ಚಿತ್ರ ಕಂಡಿತು. ಹಿಂದೆ ನೆರೆಗೂದಲಿನ ಹೆಂಗಸು. ಎರಡು ಮಾತು ಕೇಳಿಯೇಬಿಡುತ್ತೇನೆಂದು ಅತ್ತ ನಡೆದ.

ಅವನಿಗಿಂತ ಮುಂಚೆ ಯಾರೋ ಹುಡುಗಿ ಅಲ್ಲಿ ನಿಂತಿದ್ದಳು. "ಅಯ್ಯೋ, ಇದನ್ನ ಗಾರ್ನೆಟ್ ಚಾನೆಲ್‌ನಲ್ಲಿ ಪೂರ್ತಿ ನೋಡಿದೀನಿ! ಕೊನೇಲಿ ರೇಡಿಯೋದಲ್ಲಿ ಒಬ್ಬ ತೊದಲ್ತಾನಲ್ಲ, ಗಾರ್ನೆಟ್ ಅದನ್ನ ಅಣಕಿಸೋದು ನೋಡಿ, ನಕ್ಕೂ ನಕ್ಕೂ ಸಾಕಾಯ್ತು."

"ಹೌದಾ," ಎಂದಳು ರೋವೀನಾ. "ಒಂದ್ಸಲ ನೀನೇ ಆಡಿ ನೋಡಮ್ಮ."

"ಬೇಡ ಬಿಡಿ, ಎಲ್ಲಾ ಗೊತ್ತಲ್ಲ."

ಹುಡುಗಿ ಹೋದಮೇಲೆ ರೋವೀನಾ ಇವನತ್ತ ತಿರುಗಿದಳು. ಆ ವಿಡಿಯೋ ನೋಡುವ ಧೈರ್ಯ ಆಕೆಗೆ ಆಗಿರಲಿಲ್ಲ. ಇವನ ಮುಖ ಗೊತ್ತಿರಲಿಲ್ಲ. "ಬಾ ಮಗಾ, ನೀನು ಆಡ್ತೀಯಾ?"

"ಆ ದನಿ... ಯಾರದ್ದು?"

"ನನ್ನ ತಮ್ಮ ಎಲ್ರಾಯ್‌ದು. ಅವನ ದೋಣಿ ನಿಜವಾಗ್ಲೂ ಮುಳುಗೋ ಹೊತ್ತಲ್ಲಿ ರೇಡಿಯೋದಲ್ಲಿ ಕರೆದಿದ್ದು. ಗೇಮಲ್ಲಿ ಅಷ್ಟು ದೂರ ಅವನ ಜೊತೆ ದೋಣಿ ನಡೆಸಿದೋರು ಮಾತ್ರ ಕೇಳಿಸ್ಕೊಳ್ಲಿ ಅಂತಿತ್ತು."

ಗಾರ್ನೆಟ್ ಕೈಲಿದ್ದ ಡೊನೇರನ್ನು ಮೇಜಿನ ಮೇಲಿಟ್ಟ. ಸುಮ್ಮನೆ ಜಾರಿಕೊಳ್ಳಬಹುದಿತ್ತು.

"ನಾನೇ ಆ ಗಾರ್ನೆಟ್," ಎಂದ. "ತಪ್ಪಾಯ್ತು."

ಅವನ ಕಣ್ಣು ತುಂಬಿದ್ದು ಕಂಡು ಆಕೆ, "ಇಲ್ಲಿ ಅಳ್ಬೇಡ. ನಿನ್ನ ಸಮಾಧಾನ ಮಾಡೋ ಶಕ್ತಿ ನನಗಿಲ್ಲ," ಎಂದಳು. "ಬೈದಿದ್ದು ಊರೆಲ್ಲ ಕೇಳೋ ಹಾಗೆ. ತಪ್ಪಾಯ್ತು ಅನ್ನೋದು ನನ್ನೊಬ್ಬಳ ಕಿವಿಗಾ?"

ಮನೆಗೆ ಬಂದವನು ಮರುದೂರನ್ನು ಹಿಂತೆಗೆದುಕೊಂಡ. ಕೂಗಾಡಿದ ವಿಡಿಯೋ ಅಳಿಸಿ, ಅದೇ ಕ್ಯಾಮೆರಾ ಮುಂದೆ ನಡೆದದ್ದನ್ನೆಲ್ಲ ಹೇಳಿದ. ಬಹಳ ಜನ ಚಾನೆಲ್ ಬಿಟ್ಟುಹೋದರು. ರೋವೀನಾಳಿಂದ ಒಂದು ಮಾತೂ ಬರಲಿಲ್ಲ. ಅವನು ಆಕೆಯ ಪುಟದಲ್ಲಿ ಬೈದವರಿಗೆಲ್ಲ ದಯವಿಟ್ಟು ಅಳಿಸಿ ಎಂದು ಒಬ್ಬೊಬ್ಬರಿಗೇ ಬರೆಯತೊಡಗಿದ. ಕೆಲವರು ಅಳಿಸಿದರು.

"ಛೂ ಬಿಟ್ಟವನು ನೀನೇ ತಾನೇ?" ಎಂದು ಒಬ್ಬ ಕೇಳಿದ.

"ಹೌದು, ನಾನೇ," ಎಂದು ಬರೆದು, ಗಾರ್ನೆಟ್ ಮುಂದಿನವನಿಗೆ ಬರೆಯಲು ಕೂತ.